ರಾಮಲಕ್ಷ್ಮಮ್ಮನ ಬಲಗೈ

"ಬಾವಿಗೆ ಕಟ್ಟೆನೇ ಕಟ್ಟಿಲ್ವಲ್ಲವ್ವ! ಇಂಥ ಮನೇಗೆ ಮಕ್ಳನ್ನ ಕರ್ಕಂಡು ಹೋಯ್ತೀರಾ?"

ನನ್ನ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡು, ನಮ್ಮ ಮಕ್ಕಳನ್ನು ನೋಡಿಕೊಳ್ಳುವ ರಾಮಲಕ್ಷ್ಮಮ್ಮ ಬೈದರು. ಅವರು ನೋಡುತ್ತಿದ್ದದ್ದು ಬಾವಿಯನ್ನಲ್ಲ, ಶ್ರೀಲಂಕಾದ ಕಡಲ ದಂಡೆಯ ಒಂದು ವಿಲ್ಲಾದ ಈಜುಕೊಳವನ್ನು. ಅಂಗಳದ ನಡುವೆ ನೀಲಿ ನೀರು, ಸುತ್ತ ಒಂದು ಗೇಣಿನಷ್ಟೂ ಅಡ್ಡ ಇಲ್ಲ. ನಮ್ಮ ಪುನೀತನಿಗೆ ಆಗ ನಾಲ್ಕು ವರ್ಷ, ನಯನಳಿಗೆ ಎರಡು ತುಂಬಿರಲಿಲ್ಲ. ಫೋಟೋ ನೋಡಿ ನಾನು "ಎಷ್ಟು ಚೆನ್ನಾಗಿದೆ" ಅಂದುಕೊಂಡಿದ್ದೆ. ತಿಪಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಕಾಣದ್ದು ಓದು ಬರಹ ಬಾರದ ಹೆಂಗಸಿಗೆ ಮೊದಲ ನೋಟಕ್ಕೇ ಕಂಡಿತು. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಆ ಮನೆ ನೋಡಿಕೊಳ್ಳುವವನಿಗೆ ಅವತ್ತೇ ಮೆಸೇಜು ಹಾಕಿದೆ, ಬಲೆ ಕಟ್ಟಿಸಿಕೊಡುತ್ತೇನೆ ಎಂದ.

ಅಡುಗೆಮನೆ ಇರುವ ವಿಲ್ಲಾನೇ ಬೇಕು ಎಂದು ಹಟ ಹಿಡಿದವರು ನನ್ನ ಗಂಡ ದಿನೇಶ್. ಹಿಂದಿನ ವರ್ಷ ಮೈಸೂರಿನ ಹೋಟೆಲಿನಲ್ಲಿ ಎರಡು ದಿನ ಇದ್ದು, ಕೂಸಿಗೆ ಬಿಸಿನೀರು ಬೇಕೆಂದು ಗಂಟೆಗೊಮ್ಮೆ ಕೆಳಗೆ ಇಳಿದು ಹತ್ತಿ ಅವರ ಮೊಣಕಾಲು ಹಿಡಿದುಕೊಂಡಿತ್ತು. ಅವರದು ಡ್ರಿಪ್ ಪೈಪಿನ ಅಂಗಡಿ, ವರ್ಷವಿಡೀ ತೋಟದಿಂದ ತೋಟಕ್ಕೆ ಓಡಾಟ. "ಈ ಸಲ ಬೇಸಿಗೆ ರಜಕ್ಕೆ ಹತ್ತು ದಿನ ದೇಶಾನೇ ಬಿಟ್ಟು ಹೋಗೋಣ. ನಮ್ಮ ಒಲೆ, ನಮ್ಮ ಪಾತ್ರೆ, ಮಕ್ಕಳಿಗೆ ಬೇಕಾದಾಗ ಬೇಯಿಸ್ಕೊಳ್ಳೋದು" ಎಂದರು. ಸರಿ ಎಂದೆ. ಫೋಟೋದಲ್ಲಿ ಆ ಮನೆಯ ಸುತ್ತ ಬರೀ ತೆಂಗಿನ ಮರಗಳು. ರಾಮಲಕ್ಷ್ಮಮ್ಮ ಅದಕ್ಕೂ ಬಿಡಲಿಲ್ಲ. "ತೆಂಗಿನ್ ಮರ ನೋಡಕ್ಕೆ ಸಮುದ್ರ ದಾಟ್ಬೇಕಾ? ದಂಡಿನಶಿವರಕ್ಕೆ ಬನ್ನಿ, ಎಷ್ಟು ಬೇಕು ತೋರುಸ್ತೀನಿ!"

ದಂಡಿನಶಿವರ ಅವರ ಊರು. ಗಂಡ ಕರಿಯಪ್ಪ ಕಾಯಿ ಕೀಳುವ ಕೆಲಸ ಮಾಡುತ್ತಿದ್ದು, ಮಗಳು ನಿರ್ಮಲಾ ಹಾಲು ಕುಡಿಯುತ್ತಿದ್ದಾಗಲೇ ತೀರಿಕೊಂಡರಂತೆ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಇವರು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಒಡೆಯಲು ಸೇರಿದರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುತ್ತಿದ್ದರು. ಒಡೆದರೆ ಕೊಬ್ಬರಿಗೆ ಗಾಯವೇ ಆಗುತ್ತಿರಲಿಲ್ಲವಂತೆ. ಇಪ್ಪತ್ತು ವರ್ಷ ಅದನ್ನೇ ಮಾಡಿ ಮಣಿಕಟ್ಟು ಸೋತ ಮೇಲೆ ಬಾಣಂತನಕ್ಕೆ ಹೋಗತೊಡಗಿದರು. ನಮ್ಮ ಬಡಾವಣೆಯಲ್ಲಿ ಅವರ ಕಾಲ ಮೇಲೆ ಮಲಗಿ ಎಣ್ಣೆನೀರು ಹಾಕಿಸಿಕೊಳ್ಳದ ಮಗುವಿಲ್ಲ. ಬಾಯಿ ಮಾತ್ರ ಬಲು ಜೋರು. ಮಗುವಿಗೆ ಪೌಡರ್ ಬಳಿದರೆ ಡಾಕ್ಟರನ್ನೂ ಬೈಯುವವರು.

ಅವರದೊಂದು ಕಟ್ಟುಪಾಡಿತ್ತು. ಯಾವ ಮನೆಯಲ್ಲೂ ಐದು ತಿಂಗಳಿಗಿಂತ ಹೆಚ್ಚು ಇರುತ್ತಿರಲಿಲ್ಲ, ಕೂಸಿಗೆ ಅನ್ನ ಹಚ್ಚುವ ಹೊತ್ತಿಗೆ ಕೆಲಸ ಬಿಟ್ಟುಬಿಡುವರು. "ಮಿಂದ ಮಗು ಮರ್ತೋಯ್ತದೆ ಕಣವ್ವ. ತುತ್ತು ತಿಂದ ಮಗು ಮರಿಯಲ್ಲ, ನಾವೂ ಮರಿಯಲ್ಲ. ಆಮೇಲೆ ಬಿಡ್ಸೋದು ಕಷ್ಟ" ಎನ್ನುತ್ತಿದ್ದರು. ಆ ಕಟ್ಟುಪಾಡನ್ನು ಮುರಿಸಿದವಳು ನಾನೇ. ನಯನಳಿಗೆ ಆರು ತಿಂಗಳಾದಾಗ ನಾನು ಶಾಲೆಗೆ ಮರಳಬೇಕಿತ್ತು. ಅತ್ತೆ ಇಲ್ಲ, ನನ್ನಮ್ಮನಿಗೆ ಬರಲಾಗದು. ಕೈ ಹಿಡಿದು ಬೇಡಿಕೊಂಡೆ, ಅವರು ಉಳಿದರು.

ರಾಗಿಯನ್ನು ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟಿನಲ್ಲಿ ಅವರು ಗಂಜಿಯಂಥ ಸರಿ ಕಾಯಿಸಿ ತಿನ್ನಿಸುತ್ತಿದ್ದರು. ಹಲ್ಲು ಬಂದ ಮೇಲೆ ಮುದ್ದೆಗೆ ತುಪ್ಪ ಹಾಕಿ ಮಿದ್ದು, ಸೊಪ್ಪಿನ ಸಾರಿನಲ್ಲಿ ಅದ್ದಿ, ಹುಣಿಸೆಬೀಜದಷ್ಟು ಸಣ್ಣ ತುತ್ತು ಮಾಡಿ ಬಾಯಿಗಿಡುವರು. ಹಿತ್ತಲ ಕಟ್ಟೆಯ ಮೇಲೆ ಕೂತು, ಕಾಗೆ, ಅಳಿಲು, ಪಕ್ಕದ ಮನೆ ಕರು ಎಲ್ಲದರ ಹೆಸರಲ್ಲೂ ಒಂದೊಂದು ತುತ್ತು ಇಟ್ಟು ಮುಗಿಸುವಷ್ಟರಲ್ಲಿ ತಟ್ಟೆ ಖಾಲಿ. ಭಾನುವಾರ ನಾನು ತಿನ್ನಿಸಲು ಕೂತರೆ ಮಗಳು ತುಟಿ ಬಿಗಿ ಹಿಡಿದು ಬಾಗಿಲ ಕಡೆ ನೋಡುವಳು. "ಲಚ್ಚಿ" ಎನ್ನುವಳು. ರಾಮಲಕ್ಷ್ಮಮ್ಮನೆಂಬ ಉದ್ದ ಹೆಸರು ಅವಳ ಬಾಯಲ್ಲಿ ಹಾಗಾಗಿತ್ತು. ಅವಳು ಕಲಿತ ಮೊದಲ ಮಾತೂ ಅದೇ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹೆತ್ತವಳಿಗೆ ಕೆಲಸದವಳ ಮೇಲೆ ಹೊಟ್ಟೆಕಿಚ್ಚು ಎಂದರೆ ಯಾರಾದರೂ ನಗುತ್ತಾರೆ, ಆದರೂ ಆಗುತ್ತಿತ್ತು.

ಹಾಗಾಗಿ ಶ್ರೀಲಂಕಾಕ್ಕೆ ಅವರನ್ನೂ ಕರೆದುಕೊಂಡು ಹೋಗುವುದೆಂದೇ ಲೆಕ್ಕ. ವಿಲ್ಲಾದಲ್ಲಿ ಅಡುಗೆಮನೆ ಪಕ್ಕದ ಕೋಣೆ ಅವರಿಗೆ. ಈ ಸುದ್ದಿ ಕೇಳಿದ್ದೇ ಪ್ರವಾಸದ ಯಜಮಾನಿಕೆ ಪೂರಾ ಅವರ ಕೈಗೆ ಹೋಯಿತು. ದಿನಕ್ಕೊಂದು ಪ್ರಶ್ನೆ. "ಒಲೆ ಎಷ್ಟೆತ್ರ ಐತೆ ಕೇಳು, ಪುನೀತನ ಕೈಗೆ ಎಟುಕ್ತದಾ?" "ನೀರು ಸಿಹೀನಾ ಉಪ್ಪಾ? ಉಪ್ಪಾದ್ರೆ ಬ್ಯಾಳೆ ಬೇಯಲ್ಲ." "ಬಾಗ್ಲಿಗೆ ಮೇಲ್ಗಡೆ ಚಿಲಕ ಐತಾ? ಈ ಹುಡ್ಗಿ ಬೆಳ್ಳಂಬೆಳಗ್ಗೆ ಎದ್ದು ಸಮುದ್ರಕ್ಕೆ ಹೋಗ್ಬುಟ್ರೆ?" ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಕಳಿಸುವುದು, ವಿಲ್ಲಾ ನೋಡಿಕೊಳ್ಳುವ ಆ ಪುಣ್ಯಾತ್ಮ ಒಲೆಯ ಎತ್ತರವನ್ನು ಟೇಪು ಹಿಡಿದು ಅಳೆದು ಫೋಟೋ ಕಳಿಸುವುದು. ಪುಟ್ಟ ಕುಕ್ಕರು, ಮುದ್ದೆ ಕೋಲು, ಹಿಟ್ಟಿನ ಡಬ್ಬ, ಜ್ವರದ ಔಷಧಿ, ಮಕ್ಕಳ ತಟ್ಟೆ ಎಲ್ಲ ಒಂದು ಕಡೆ ಸೇರತೊಡಗಿದವು. ಅವರೂ ಒಂದು ಜೊತೆ ಹೊಸ ಚಪ್ಪಲಿ ತಂದರು. ವಿಮಾನ ಹತ್ತುವವರನ್ನು ಬರಿಗಾಲಲ್ಲಿ ಬಿಡುವುದಿಲ್ಲ ಎಂದು ಯಾರೋ ಹೇಳಿದ್ದರಂತೆ.

ಪಾಸ್‌ಪೋರ್ಟ್ ಮಾತ್ರ ಆಗಲಿಲ್ಲ. ಅವರ ಆಧಾರ್‌ನಲ್ಲಿ ಒಂದು ವಯಸ್ಸು, ವೋಟರ್ ಕಾರ್ಡಿನಲ್ಲಿ ಐದು ವರ್ಷ ಹೆಚ್ಚು, ಶಾಲೆಯ ಮುಖವನ್ನಂತೂ ಕಂಡವರಲ್ಲ. ಮೊದಲು ಕಾಗದಗಳನ್ನು ಸರಿಮಾಡಿಸಿಕೊಂಡು ಬನ್ನಿ ಎಂದರು ಪಾಸ್‌ಪೋರ್ಟ್ ಕಚೇರಿಯವರು. "ನನ್ ವಯಸ್ಸು ನಂಗೇ ಗೊತ್ತಿಲ್ಲ, ಅವ್ರುನ್ನ ಅಂದು ಏನ್ ಮಾಡನ ಬುಡು" ಎಂದು ಅವರು ನಕ್ಕರು. ಸರಿಮಾಡಿಸಲು ತಿಂಗಳುಗಳೇ ಬೇಕಿತ್ತು, ಹೊರಡಲು ಉಳಿದಿದ್ದದ್ದು ಹದಿನೆಂಟು ದಿನ. ಪ್ರವಾಸವನ್ನು ದಸರಾ ರಜಕ್ಕೆ ತಳ್ಳಬಹುದಿತ್ತು. ದಿನೇಶ್ ಹಾಗೇ ಎಂದರು. ನಾನು ಒಪ್ಪಲಿಲ್ಲ. ಟಿಕೆಟ್ಟು, ರಜೆ ಎಂದೆಲ್ಲ ನೆಪ ಹೇಳಿದೆ. ನಿಜ ಏನೆಂದರೆ, ಅವರಿಲ್ಲದೆ ಹತ್ತು ದಿನ ನನ್ನ ಮಗಳು ನನ್ನೊಬ್ಬಳ ಜೊತೆ ಇರುತ್ತಾಳೆ ಎಂದು ಒಳಗೊಳಗೇ ಹಗುರವಾಗಿತ್ತು.

ಆದರೆ ಮಗಳು ಬಾಯಿ ತೆರೆಯಬೇಕಲ್ಲ. ಶಾಲೆಗೆ ಬೇಸಿಗೆ ರಜ ಬಂದಿತ್ತು, ಅಭ್ಯಾಸವಾಗಲೆಂದು ಒಂದು ವಾರ ನಾನೇ ತಿನ್ನಿಸಲು ಕೂತೆ. ಚಮಚ ಎಸೆದಳು, ತಟ್ಟೆ ಕವುಚಿದಳು. ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಎರಡು ಗುಟುಕು ಹಾಲಿನ ಮೇಲಿದ್ದಳು. ಅವಳ ಮುಖ ಬಾಡಿದ್ದು ನೋಡಿ ನಾನು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ರಾಮಲಕ್ಷ್ಮಮ್ಮ ಅವಳನ್ನೆತ್ತಿಕೊಂಡು ಹಿತ್ತಲಿಗೆ ಹೋದರು. ಕಾಲು ಗಂಟೆಯಲ್ಲಿ ಊಟ ಮುಗಿದಿತ್ತು. ಒಳಗೆ ಬಂದವರು ತಟ್ಟೆ ತೊಳೆಯುತ್ತ, ನನ್ನ ಕಡೆ ತಿರುಗದೆ ಹೇಳಿದರು.

"ಹಾಲು ಬಿಡಿಸ್ದಂಗೆ ಕೈನೂ ಬಿಡಿಸ್ಬೇಕು ಪದ್ಮವ್ವ. ಮೂರು ದಿನ ಸಾಕು."

ನಮ್ಮ ಕಡೆ ಮೊಲೆ ಬಿಡಿಸುವಾಗ ತಾಯಿ ಬೇವಿನೆಲೆ ಅರೆದು ಬಳಿದುಕೊಳ್ಳುತ್ತಾಳೆ. ಕಹಿಯಾದದ್ದು ಬೇವು ಎಂದು ಮಗುವಿಗೆ ಗೊತ್ತಾಗುವುದಿಲ್ಲ, ಅಮ್ಮನೇ ಕಹಿಯಾದಳು ಎಂದುಕೊಳ್ಳುತ್ತದೆ. ನಿರ್ಮಲಾಳಿಗೂ ಮಂಡಿ ಕೆಲಸಕ್ಕೆ ಸೇರುವ ಮುಂಚೆ ಹೀಗೇ ಬಿಡಿಸಿದ್ದರಂತೆ. ಅವರ ಮನಸ್ಸಿನಲ್ಲಿರುವುದು ನನಗೆ ಅರ್ಥವಾಯಿತು. "ಬೇಡ ರಾಮಲಕ್ಷ್ಮಮ್ಮ" ಎಂದೆ. ಒಂದೇ ಸಲ ಎಂದೆ. ಎರಡನೇ ಸಲ ಅನ್ನಲಿಲ್ಲ.

ಮಾರನೆಯ ದಿನ ಎದುರು ಮನೆ ಬೇವಿನ ಮರದಿಂದ ಒಂದು ಹಿಡಿ ಎಳೆ ಎಲೆ ತಂದು, ಒರಳಲ್ಲಿ ಅರೆದು, ಬಲಗೈಯ ಐದೂ ಬೆರಳಿಗೆ ಬಳಿದುಕೊಂಡರು. ಎಂದಿನಂತೆ ಹಿತ್ತಲ ಕಟ್ಟೆಯ ಮೇಲೆ ಕೂತರು. ಕಾಗೆಯ ಹೆಸರಿನ ಮೊದಲ ತುತ್ತಿಗೆ ನಯನ ಬಾಯಿ ತೆರೆದಳು. ಅವಳ ಮುಖ ಸೊಟ್ಟಗಾಯಿತು. ಉಗಿದಳು, ನಾಲಿಗೆಯನ್ನು ಅವರ ಸೆರಗಿಗೇ ಒರೆಸಿಕೊಂಡಳು, ಆಮೇಲೆ ಏನೋ ತಪ್ಪಾಗಿದೆ ಎಂಬಂತೆ ಅವರ ಮುಖ ನೋಡಿ ಮತ್ತೆ ಬಾಯಿ ತೆರೆದಳು. ಅಡುಗೆಮನೆ ಕಿಟಕಿಯಲ್ಲಿ ನಿಂತು ನಾನು ನೋಡುತ್ತಿದ್ದೆ. ಐದು ಸಲ ಹಾಗೇ ತೆರೆದಳು. ಒಂದೊಂದು ಸಲವೂ ಅವರು ಕಹಿಯನ್ನೇ ಇಟ್ಟರು. ಎರಡನೇ ದಿನ ಎರಡು ಸಲ ಬಾಯಿ ತೆರೆದಳು. ಮೂರನೇ ದಿನ ಅವರ ಕೈ ತಟ್ಟೆಯಿಂದ ಏಳುವ ಮೊದಲೇ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಅಳುತ್ತ ಓಡಿ ಬಂದು ನನ್ನ ಕಾಲು ತಬ್ಬಿಕೊಂಡಳು. ಅವಳನ್ನೆತ್ತಿಕೊಂಡು ತಿನ್ನಿಸಿದೆ. ತಿಂದಳು. ತಟ್ಟೆ ಖಾಲಿಯಾದಾಗ ಏನೋ ಗೆದ್ದವಳ ಹಾಗೆ ಹಿಗ್ಗಿದೆ. ಆ ಹಿಗ್ಗನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಪ್ರವಾಸ ಚೆನ್ನಾಗಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ಕೊಳಕ್ಕೆ ಬಲೆ ಕಟ್ಟಿದ್ದರು, ಚಿಲಕ ಮೇಲಿತ್ತು, ನೀರು ಸಿಹಿಯಾಗಿತ್ತು. ಅವರು ಕೇಳಿಸಿದ ಒಂದೊಂದು ಪ್ರಶ್ನೆಯೂ ನಮ್ಮನ್ನು ಕಾಪಾಡಿತು. ಅವರು ಕಟ್ಟಿಕೊಟ್ಟ ಹಿಟ್ಟಿನಲ್ಲಿ ನಾನೇ ಮುದ್ದೆ ಮಾಡಿ ನಾನೇ ತಿನ್ನಿಸಿದೆ. ಪುನೀತ "ಲಚ್ಚಜ್ಜಿ ಯಾಕೆ ಬರ್ಲಿಲ್ಲ?" ಎಂದು ಎರಡು ದಿನ ಕೇಳಿ ಮರಳಾಟದಲ್ಲಿ ಮರೆತ. ನಯನ ಕೇಳಲೇ ಇಲ್ಲ.

ವಾಪಸ್ಸು ಬಂದಾಗ ರಾಮಲಕ್ಷ್ಮಮ್ಮ ಮನೆ ಗುಡಿಸಿ, ಸೊಪ್ಪಿನ ಸಾರು ಕಾಯಿಸಿ, ಬಾಗಿಲಲ್ಲೇ ಕಾಯುತ್ತಿದ್ದರು. ನಯನ ಅವರನ್ನು ನೋಡಿ "ಲಚ್ಚೀ" ಎಂದು ಚೀರಿ ತೊಡೆ ಏರಿದಳು. ನನ್ನ ಜೀವ ತಣ್ಣಗಾಯಿತು, ಏನೂ ಕೆಟ್ಟಿಲ್ಲ ಎಂದುಕೊಂಡೆ. ಅವರು ಸಡಗರದಿಂದ ಮುದ್ದೆ ಮಿದ್ದು ಪುಟ್ಟ ತುತ್ತು ಮಾಡಿದರು. ಕೈ ಹತ್ತಿರ ಬಂದದ್ದೇ ಮಗು ಬಾಯಿ ಮುಚ್ಚಿಕೊಂಡು ಮುಖ ತಿರುಗಿಸಿತು.

ಅವರು ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದರು. ಬೇಡ. ಹುಣಿಸೆಹಣ್ಣು ಹಾಕಿ ಉಜ್ಜಿ ಬಂದರು. ಬೇಡ. "ನೋಡು ನನ್ನವ್ವ, ನೋಡಿಲ್ಲಿ, ಕಹಿ ಇಲ್ಲ" ಎಂದು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದನ್ನೇ ಬಾಯಿಗಿಟ್ಟು ಚೀಪಿ, ಚಪ್ಪರಿಸಿ ತೋರಿಸಿದರು. ಅಷ್ಟು ವಯಸ್ಸಾದ ಹೆಂಗಸು ಎರಡು ವರ್ಷದ ಮಗುವಿನ ಮುಂದೆ ಕೂತು ಬೆರಳು ಚೀಪುತ್ತಿದ್ದಳು. ಮಗು ನನ್ನ ಕಡೆ ಕೈ ಚಾಚಿತು.

ಅಲ್ಲಿಂದ ಮುಂದೆ ಅವರ ತೊಡೆ ಬೇಕು, ಬೆನ್ನು ಬೇಕು, ಹಾಡು ಬೇಕು, ಆ ಕೈ ಒಂದು ಬೇಡ. ಬಲಗೈ ಕಂಡರೆ ಇಳಿದು ಓಡುವಳು. ಅವರು ಬಲಗೈಯನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡು ಅವಳನ್ನು ಎಡಗೈಯಲ್ಲೇ ಎತ್ತುವುದನ್ನು ಕಲಿತರು. ಒಂದು ತಿಂಗಳು ಹಾಗೆ ನಡೆಸಿದರು. ನಾನು ಶಾಲೆಯಿಂದ ಮಧ್ಯಾಹ್ನ ಓಡಿ ಬಂದು ತಿನ್ನಿಸಿ ಹೋಗುತ್ತಿದ್ದೆ. ಒಂದು ಸೋಮವಾರ ಅವರು ಬಟ್ಟೆಯ ಚೀಲ ಹಿಡಿದು ಬಂದರು, ಮಗಳ ಊರು ಕಂದಿಕೆರೆಗೆ ಹೋಗುತ್ತೇನೆ ಎಂದರು.

"ಇನ್ನೊಂದಷ್ಟು ದಿನ ಇರಿ. ಸರಿಹೋಗುತ್ತೆ" ಎಂದೆ.

"ಸರಿಹೋಗಲ್ಲ ಕಣವ್ವ. ನಮ್ ನಿರ್ಮಲಾ ಹಾಲು ಬಿಡಿಸಿದ್ಮೇಲೆ ನನ್ ಪಕ್ಕ ಮಲಗ್ಲೇ ಇಲ್ಲ, ಅಜ್ಜಿ ಮಗ್ಗುಲೇ ಬೇಕು ಅನ್ನಳು. ನಂಗೆ ಗೊತ್ತಿತ್ತು. ಗೊತ್ತಿದ್ದೇ ಮಾಡ್ದೆ."

ಕ್ಷಮಿಸಿ ಎನ್ನಬೇಕಿತ್ತು, ಅದು ಬರಲಿಲ್ಲ. ನಯನ ಅರ್ಧ ಬಿಟ್ಟಿದ್ದ ತಟ್ಟೆ ಅಲ್ಲೇ ಇತ್ತು. ಅದನ್ನು ಅವರ ಮುಂದೆ ಸರಿಸಿ, ನೆಲದ ಮೇಲೆ ಕೂತು, "ನಂಗೊಂದು ತುತ್ತು ಕೊಡಿ" ಎಂದೆ. ಹುಚ್ಚೇನೋ ಎಂಬಂತೆ ನನ್ನನ್ನು ನೋಡಿದರು. ಆಮೇಲೆ ಸೆರಗಿನಿಂದ ಬಲಗೈ ತೆಗೆದು, ಸಣ್ಣದಾಗಿ ತುತ್ತು ಮಾಡಿ, ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟರು. ರಾಗಿ, ತುಪ್ಪ, ಸೊಪ್ಪು. ಬೇರೇನೂ ಇರಲಿಲ್ಲ.

"ಕಹಿ ಇಲ್ಲ ರಾಮಲಕ್ಷ್ಮಮ್ಮ" ಎಂದೆ ಅಳುತ್ತ.

"ಇಲ್ಲ ಅಂತ ನಂಗೊತ್ತಿಲ್ವಾ" ಎಂದು ಅವರು ನಯನಳ ಕಡೆ ನೋಡಿದರು. "ಆ ಕೂಸಿಗೆ ಹೇಳೋರ್ಯಾರವ್ವ?"