ನ್ಯಾಮತಿ ಹೊನ್ನಾಳಿಯಲ್ಲಿಲ್ಲ

ಕಂಪ್ಯೂಟರ್ ನನಗೆ ಗೊತ್ತು ಎಂದು ಎದೆ ತಟ್ಟಿ ಹೇಳುವವರನ್ನು ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಗೊತ್ತಿದ್ದೂ ಬಾಯಿ ಬಿಡದವರನ್ನು ಕಂಡರೆ ಇನ್ನೂ ಹೆಚ್ಚು. ಆ ಎರಡನೇ ಗುಂಪಿನಲ್ಲಿ ನಾನೂ ಇದ್ದೇನೆ.

ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ಆಚೆಗಿನ ಒಂದು ಊರಿನ ಶಾಲೆಯಲ್ಲಿ ಒಂಬತ್ತು ವರ್ಷ ಪಾಠ ಮಾಡಿದೆ. ಮನೆ ಇರುವುದು ಸೂರಗೊಂಡನಕೊಪ್ಪದ ಹತ್ತಿರ. ದಿನಾ ಓಡಾಡುವ ದಾರಿಯಲ್ಲ, ಹಾಗಾಗಿ ಶಾಲೆಯ ಊರಲ್ಲೇ ಒಂದು ಬಾಡಿಗೆ ಕೋಣೆ, ವಾರಕ್ಕೊಮ್ಮೆ ಮನೆ. ಮಗಳು ಅತ್ತೆಯ ಕೈಯಲ್ಲಿ ಬೆಳೆಯುತ್ತಿದ್ದಳು. ಅವಳ ಮೊದಲ ಹಲ್ಲು ಬಿದ್ದ ಸುದ್ದಿ ನನಗೆ ಫೋನಿನಲ್ಲಿ ಗೊತ್ತಾಯಿತು. ಆ ವರ್ಷವೇ ನಮ್ಮೂರ ಶಾಲೆಯಲ್ಲಿ ಒಂದು ಹುದ್ದೆ ಖಾಲಿಯಾಯಿತು. ವರ್ಗಾವಣೆಗೆ ಆನ್‌ಲೈನ್ ಅರ್ಜಿ ಹಾಕಬೇಕಿತ್ತು.

ನಮ್ಮ ಶಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಅಧಿಕಾರ ಒಬ್ಬ ಮೇಷ್ಟ್ರದು. ಯಾರೂ ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು. ಎಲ್ಲರ ಪಾಸ್‌ವರ್ಡುಗಳನ್ನೂ ಅವರೇ ಇಟ್ಟು, ಸೀಮೆಸುಣ್ಣದ ಸ್ಟಾಕ್ ರಿಜಿಸ್ಟರಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದರು. ಯಂತ್ರ ನಿಂತರೆ ಆಫ್ ಮಾಡಿ ಆನ್ ಮಾಡುವುದು, ಆಗಲೂ ಏಳದಿದ್ದರೆ ಪಕ್ಕಕ್ಕೊಂದು ಏಟು ಕೊಡುವುದು, ಇಷ್ಟೇ ಅವರ ವಿದ್ಯೆ. ಕೂರುವ ಭಂಗಿ ಮಾತ್ರ ವಿಮಾನ ನಡೆಸುವವರದು.

ನಾನೇನು ಕಲಿಯದವಳಲ್ಲ. ನೌಕರರ ಕಂಪ್ಯೂಟರ್ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದ್ದೆ, ಅವರು ಮೂರನೇ ಸಲಕ್ಕೆ. ತರಬೇತಿಯಲ್ಲಿ ಮೌಸ್ ಗಂಡಸರ ಕೈಗೆ, ನೋಟ್‌ಬುಕ್ ನಮ್ಮ ಕೈಗೆ. ನಾನು ನೀಟಾಗಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಪರೀಕ್ಷೆಯ ದಿನ ಬೆನ್ನ ಹಿಂದೆ ಯಾರೂ ನಿಂತಿರಲಿಲ್ಲ, ಹಾಗಾಗಿ ಕೈ ನಡುಗಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮ ಹೆಡ್‌ಮೇಷ್ಟ್ರು ನನ್ನನ್ನು ಹೊಗಳಿದ್ದರು. ತುಳುಕದ ಕೊಡದಿಂದ ಯಾರ ಬಾಯಾರಿಕೆ ನೀಗಿತೋ ಕಾಣೆ.

ಅರ್ಜಿ ತುಂಬುವ ದಿನ ಆ ಮೇಷ್ಟ್ರು ಕುರ್ಚಿಯಲ್ಲಿ, ನಾನು ಪಕ್ಕದಲ್ಲಿ ನಿಂತು. ಯಾವ ತಾಲ್ಲೂಕು ಬೇಕೆಂದು ಪಟ್ಟಿ ತೆರೆಯಿತು. ಅವರು ಸೀದಾ ಹೊನ್ನಾಳಿ ಒತ್ತಿದರು. ನಮ್ಮೂರನ್ನೂ ಸೇರಿಸಿಕೊಂಡು ನ್ಯಾಮತಿ ಬೇರೆ ತಾಲ್ಲೂಕಾಗಿ ವರ್ಷಗಳೇ ಆಗಿವೆ. ಆದರೆ ನಮ್ಮ ಕಡೆಯವರ ಬಾಯಲ್ಲಿ ಅದು ಇನ್ನೂ ಹೊನ್ನಾಳಿಯೇ. ಲಗ್ನಪತ್ರಿಕೆಯಲ್ಲೂ ಹಾಗೆಯೇ ಅಚ್ಚು ಹಾಕಿಸುತ್ತಾರೆ. ಪಟ್ಟಿಯಲ್ಲಿ ನ್ಯಾಮತಿ ಪ್ರತ್ಯೇಕವಾಗಿ, ಹೊನ್ನಾಳಿಗಿಂತ ಮೇಲೆ ಇದ್ದದ್ದನ್ನು ನಾನು ಕಣ್ಣಾರೆ ಕಂಡೆ.

“ಸರ್, ನ್ಯಾಮತಿ ಬೇರೆ ಐತಲ್ಲ” ಎಂದೆ.

ಅವರು ತಿರುಗಿಯೂ ನೋಡಲಿಲ್ಲ. “ನಿಮ್ಮೂರು ಹೊನ್ನಾಳಿಗೇ ಬರೋದ್ರಿ ಮೇಡಂ. ನಮ್ಮ ತಂಗೀನ ಅಲ್ಲೇ ಕೊಟ್ಟಿರೋದು. ನಂಗೆ ಹೇಳಾಕೆ ಬರ್ತೀರಾ?”

ನಾನು ತಲೆಯಾಡಿಸಿದೆ. ಹೊನ್ನಾಳಿಯ ಶಾಲೆಗಳಲ್ಲಿ ನಮ್ಮೂರಿನದು ಕಾಣಲಿಲ್ಲ. ಇಡೀ ತಾಲ್ಲೂಕು ಹಾಕಿದರೆ ಅದರೊಳಗೇ ಬರುತ್ತದೆ ಎಂದು ಎಲ್ಲಕ್ಕೂ ಟಿಕ್ ಹಾಕಿದರು. ಎರಡನೇ ಆಯ್ಕೆ ಕಡ್ಡಾಯವೆಂದು ತೋರಿಸಿತು. ಸುಮ್ಮನೆ ತುಂಬಲು ಜಗಳೂರು ಒತ್ತಿದರು. ಎರಡನೆಯದು ಯಾರಿಗೂ ಸಿಗುವುದಿಲ್ಲವಂತೆ. ನನ್ನ ಫೋನಿಗೆ ಒಟಿಪಿಯ ಆರು ಅಂಕಿ ಬಂದವು. ಓದಿ ಎಂದರು. ಮಕ್ಕಳಿಗೆ ಉಕ್ತಲೇಖನ ಕೊಡುವವಳ ಹಾಗೆ ಒಂದೊಂದಾಗಿ, ಸ್ಪಷ್ಟವಾಗಿ ಓದಿದೆ. ಕೋಣೆಗೆ ಬಂದು ಅನ್ನಕ್ಕಿಡುವಾಗ ಅವರನ್ನು ಮನಸಾರೆ ಬೈದೆ. ಉತ್ತರನ ಪೌರುಷ ಒಲೆ ಮುಂದೆ.

ಹೊನ್ನಾಳಿಯ ಹುದ್ದೆಗಳೆಲ್ಲ ಹಿರಿಯರಿಗೆ ಹೋಗಿ, ನನಗೆ ಜಗಳೂರು ಸಿಕ್ಕಿತು. ಯಾರೂ ಹೋಗಲೊಲ್ಲದ ಕಡೆ ಹುದ್ದೆಗಳು ಖಾಲಿ ಇರದೆ ಇನ್ನೆಲ್ಲಿ ಇರುತ್ತವೆ? ನಮ್ಮೂರಿನ ಹುದ್ದೆ ನನಗಿಂತ ಐದು ವರ್ಷ ಕಿರಿಯ ಟೀಚರ್ ಒಬ್ಬಳಿಗೆ ಹೋಯಿತು. ಅರ್ಜಿಯನ್ನು ತನ್ನ ಮೊಬೈಲಿನಲ್ಲಿ ತಾನೇ ತುಂಬಿದ್ದಳಂತೆ.

ಮೇಷ್ಟ್ರು ಸರ್ವರ್ ಸರಿಯಿರಲಿಲ್ಲ ಎಂದರು. ತಕರಾರು ಅರ್ಜಿ ತಾವೇ ಹಾಕಿಕೊಡುವುದಾಗಿ ಹೇಳಿ ಮತ್ತೆ ಕುರ್ಚಿ ಎಳೆದುಕೊಂಡರು.

“ಏಳ್ರಿ ಮೇಲೆ” ಎಂದೆ.

ಒಂಬತ್ತು ವರ್ಷದಲ್ಲಿ ನಾನು ಅವರೊಂದಿಗೆ ಹಾಗೆ ಮಾತಾಡಿದ್ದು ಅದೊಂದೇ ಸಲ. ಅವರು ಎದ್ದರು, ಆದರೆ ಹೋಗಲಿಲ್ಲ. ಬೆನ್ನ ಹಿಂದೆ ನಿಂತು ಲೊಚಗುಟ್ಟುತ್ತಲೇ ಇದ್ದರು. ಒಂದೇ ಬೆರಳಿನಲ್ಲಿ ಕುಟ್ಟುತ್ತಾ ಎರಡು ಪೀರಿಯಡ್ ಹಿಡಿಯಿತು. ಆದರೂ ಅರ್ಜಿಯಲ್ಲಿ ಒಂದೂ ತಪ್ಪಿರಲಿಲ್ಲ. ನಾಲ್ಕು ದಿನಕ್ಕೆ ಉತ್ತರ ಬಂತು. ಮೊಬೈಲಿಗೆ ಬಂದ ಸಂಖ್ಯೆ ನಮೂದಿಸಿ ತಾವೇ ದೃಢೀಕರಿಸಿರುವುದರಿಂದ ಬದಲಾವಣೆ ಸಾಧ್ಯವಿಲ್ಲ ಎಂದಿತ್ತು. ಮೇಷ್ಟ್ರು ಅದನ್ನೋದಿ, ತಮ್ಮದೇನೂ ತಪ್ಪಿಲ್ಲವೆಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದರು. ಆ ಮುಖಕ್ಕೆ ಸ್ಟಾಕ್ ರಿಜಿಸ್ಟರ್ ಎತ್ತಿ ಬಡಿಯಬೇಕು ಅನ್ನಿಸಿತ್ತು.

ಜಗಳೂರಿಗೆ ಬಂದು ಎರಡು ವರ್ಷವಾಯಿತು. ಈಗ ಮನೆಗೆ ಹೋಗುವುದು ಹದಿನೈದು ದಿನಕ್ಕೊಮ್ಮೆ. ಮಗಳು ನಮ್ಮೂರ ಶಾಲೆಯಲ್ಲೇ ಎರಡನೇ ತರಗತಿ ಓದುತ್ತಿದ್ದಾಳೆ, ಆ ಕಿರಿಯ ಟೀಚರ್ ಕೈಯಲ್ಲಿ. ಹೋದ ಸಲ ತಲೆ ಬಾಚಿಸಿಕೊಳ್ಳುತ್ತಾ ಹೇಳಿದಳು: “ನಮ್ಮ ಮಿಸ್ಸು ಎಲ್ಲಾರ್ಗೂ ಕಂಪ್ಯೂಟರ್ ಮುಟ್ಟಾಕೆ ಬಿಡ್ತಾರೆ. ತಪ್ಪು ಒತ್ತಿದ್ರೂ ಬೈಯಲ್ಲ.”

ಆ ಹೆಣ್ಣಿನ ಮೇಲೆ ಹಗೆ ಸಾಧಿಸಲು ಒಂದು ಕಾರಣ ಹುಡುಕುತ್ತಲೇ ಇದ್ದೇನೆ. ಇನ್ನೂ ಸಿಕ್ಕಿಲ್ಲ.