ಬಿಸಿಲು ಬಡಿದ ಓಟಗಾರ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದೆ. ವಯಸ್ಸು ಇಪ್ಪತ್ತಾರು. ಕೆಲಸ ಚೆನ್ನಾಗಿ ಬರುತ್ತಿತ್ತು, ಬರುತ್ತದೆ ಎಂಬ ಧೈರ್ಯವೂ ಇತ್ತು. ಲೋಕಿಕೆರೆ ಹಳ್ಳಿಯಿಂದ ಬಂದ ಹುಡುಗಿ ಇಷ್ಟು ಜೋರು ಮಾಡ್ತಾಳಲ್ಲ ಎಂದು ರೋಗಿಗಳ ಕಡೆಯವರು ಗೊಣಗುತ್ತಿದ್ದರು. ನಮ್ಮ ಡಾಕ್ಟರಿಗೆ ಆ ಜೋರೇ ಬೇಕಾಗಿತ್ತು.

ಒಂದು ಏಪ್ರಿಲ್ ತಿಂಗಳಲ್ಲಿ ಊರಿನ ಗರಡಿಯವರು ಓಟದ ಸ್ಪರ್ಧೆ ಇಟ್ಟರು. ಹರಿಹರದ ಹೊಳೆಯ ಸೇತುವೆಯ ಬಳಿ ಶುರುವಾಗಿ ಪಿ.ಬಿ. ರಸ್ತೆಯಗುಂಟ ದಾವಣಗೆರೆಯ ಗರಡಿಯವರೆಗೆ, ಹೆಚ್ಚುಕಡಿಮೆ ಒಂಬತ್ತು ಮೈಲಿ. ನಡೆಸುವವರು ಗರಡಿಯ ಉಸ್ತಾದರು. ಒಂದು ಕಾಲಕ್ಕೆ ಸುತ್ತಲ ಊರುಗಳಲ್ಲೆಲ್ಲ ಕುಸ್ತಿ ಗೆದ್ದವರು, ಆಗ ಐವತ್ತು ದಾಟಿದ್ದರು. ಹಗಲು ಬಡಗಿ ಕೆಲಸ, ಬೆಳಿಗ್ಗೆ ಸಂಜೆ ಗರಡಿ. ಕೀಲು ತಪ್ಪಿದರೆ ಕೂರಿಸುವುದರಲ್ಲಿ ಅವರ ಕೈ ಬಲು ಪಳಗಿದ್ದು. ಅವರು ಕೂರಿಸಿದ ಭುಜಗಳ ಎಕ್ಸ್‌ರೇ ನೋಡಿ ನಮ್ಮ ಡಾಕ್ಟರೇ ತಲೆದೂಗಿದ್ದುಂಟು.

ಓಟದ ದಿನ ಯಾರನ್ನಾದರೂ ಕಳಿಸಿಕೊಡಿ ಎಂದು ಕೇಳಲು ಉಸ್ತಾದರು ಬಂದಾಗ ಡಾಕ್ಟರು ನನ್ನತ್ತ ಕೈ ತೋರಿಸಿದರು. ಉಸ್ತಾದರು ಅನುಮಾನದಿಂದ ನೋಡಿದರು.

"ಹೆಣ್ಣುಮಕ್ಕಳು, ಅಷ್ಟು ದೂರ ಬಿಸಿಲಾಗೆ ಹೆಂಗೆ ಬರ್ತೀರಿ ಸಿಸ್ಟರ್?"

"ನಮ್ಮವ್ವ ಇದೇ ಬಿಸಿಲಾಗೆ ದಿನಾ ಕಳೆ ತೆಗೀತಾಳೆ ಉಸ್ತಾದ್. ಜೀಪಿನಾಗೆ ಕುಂತು ಬರೋಕೆ ನನಗೇನು ಕಷ್ಟ? ಅದಿರ್ಲಿ, ದಾರಿಯಾಗೆ ಕುಡಿಯೋ ನೀರು ಎಲ್ಲೆಲ್ಲಿ ಇಡಿಸೀರಿ?"

"ನೀರಾ? ಓಡೋರಿಗೆ ನೀರು ಬ್ಯಾಡ. ಹೊಟ್ಟೆ ಹಿಡ್ಕಂತೈತೆ. ಬಾಯಿ ಒಣಗಿದ್ರೆ ಮುಕ್ಕಳಿಸಿ ಉಗುಳ್ಲಿ."

ಆಗ ಬಹಳ ಜನ ಹಾಗೇ ನಂಬಿದ್ದರು. ನಾನು ವಾದ ಮಾಡಿದೆ, ಅವರು ನಕ್ಕರು. ಕಡೆಗೆ ಜೀಪಿನಲ್ಲಿ ಎರಡು ಕೊಡ ನೀರು ಇಟ್ಟುಕೊಳ್ಳಲು ಒಪ್ಪಿದರು. ಅದೂ ಓಟ ಬಿಟ್ಟು ಕೂತವರಿಗೆ ಮಾತ್ರ.

ಬೆಳಿಗ್ಗೆ ಆರೂವರೆಗೆ ಹೊರಡಬೇಕಾಗಿದ್ದ ಓಟ ಹೊರಟಿದ್ದು ಒಂಬತ್ತೂವರೆಗೆ. ಬಾವುಟ ಬೀಸಬೇಕಾದ ಅತಿಥಿಗಳು ಹೊತ್ತಿಗೆ ಸರಿಯಾಗಿ ಬರಲಿಲ್ಲ, ಬಂದ ಮೇಲೆ ಭಾಷಣ ಮಾಡಿದರು. ಅಲ್ಲಿಯವರೆಗೆ ಓಟಗಾರರು ಬಿಸಿಲಲ್ಲೇ ನಿಂತಿದ್ದರು. ಅವರಲ್ಲೊಬ್ಬ ವಿನೋಬನಗರದ ಹತ್ತಿ ಗಿರಣಿ ಕೆಲಸಗಾರ. ಇಪ್ಪತ್ತೆರಡು ಇಪ್ಪತ್ಮೂರರ, ಬಿದಿರು ಗಳದಂಥ ಎತ್ತರದ ಆಳು. ಹಿಂದಿನ ವರ್ಷ ಎರಡನೆಯವನಾಗಿದ್ದನಂತೆ. ಈ ಸಲ ಮೊದಲು ಬಂದೇ ಬರುತ್ತೇನೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಅವನ ತುಟಿ ಒಡೆದಿತ್ತು, ಕಣ್ಣು ಒಳಸೇರಿತ್ತು. ನಾನು ಹತ್ತಿರ ಹೋಗಿ "ಆರಾಮಿದೀಯೇನಪ್ಪಾ?" ಎಂದೆ. "ಫಸ್ಟ್ ಕ್ಲಾಸ್ ಅದೀನ್ರಿ" ಎಂದ. ನಾನು ಅಷ್ಟಕ್ಕೇ ಬಿಟ್ಟೆ. ಆ ದಿನ ನಾನು ಮಾಡಿದ ತಪ್ಪು ಅದೊಂದೇ, ಆದರೆ ಸಣ್ಣದಲ್ಲ.

ದೊಡ್ಡಬಾತಿ ದಾಟುವ ಹೊತ್ತಿಗೆ ರಸ್ತೆಯ ಡಾಂಬರು ಮೆತ್ತಗಾಗಿ ಹೊಳೆಯುತ್ತಿತ್ತು. ನಮ್ಮ ಜೀಪು ಮುಂದಿನ ಗುಂಪಿನ ಹಿಂದೆ ನಿಧಾನವಾಗಿ ಬರುತ್ತಿತ್ತು. ಮುಂದೆ ಡ್ರೈವರ್ ಮತ್ತು ಉಸ್ತಾದರು, ಹಿಂದೆ ನಾನು. ಗಿರಣಿಯ ಆಳು ಎರಡನೆಯವನಾಗಿ ಓಡುತ್ತಿದ್ದ. ಇದ್ದಕ್ಕಿದ್ದಂತೆ ಅವನ ಕಾಲು ತೊಡರತೊಡಗಿತು. ರಸ್ತೆ ಬಿಟ್ಟು ಎಡಕ್ಕೆ ಇಳಿದ, ಬೇಲಿಯ ಪಕ್ಕ ಸ್ವಲ್ಪ ದೂರ ಓಡಿದ, ನಿಂತ. ನಾವು ಜೀಪು ಇಳಿದು ಹೋದಾಗ ಉಸ್ತಾದರ ಮುಖವನ್ನೇ ನೋಡುತ್ತ, "ಗಿರಣಿ ಸೀಟಿ ಹೊಡೀತೇನ್ರಿ? ನಾನು ಒಳಗೆ ಹೋಗ್ಬೇಕು" ಎಂದ. ಹಾಗೆಂದವನೇ ಕುಸಿದು ಬಿದ್ದ.

"ಸುಸ್ತಾಗೈತೆ, ಅಷ್ಟೇ" ಎಂದರು ಉಸ್ತಾದರು. "ನೆರಳಿಗೆ ಹಾಕಿ ಈರುಳ್ಳಿ ಮೂಸಿಸೋಣ."

ನಾನು ಅವನ ಎದೆಯ ಮೇಲೆ ಕೈ ಇಟ್ಟೆ. ಕಾದ ತವದಂತಿತ್ತು. ಬೆವರು ಬತ್ತಿಹೋಗಿತ್ತು. ಥರ್ಮಾಮೀಟರ್ ತೆಗೆದರೆ, ಔಷಧಿ ಪೆಟ್ಟಿಗೆಯ ಬಿಸಿಗೇ ಪಾದರಸ ನೂರು ದಾಟಿ ಕೂತಿತ್ತು. ಕೊಡದ ನೀರಿನಲ್ಲಿ ಅದ್ದಿ, ಕೊಡವಿ, ಕಂಕುಳಲ್ಲಿ ಇಟ್ಟೆ. ನೂರಾ ಆರು ತೋರಿಸಿತು. ಮಾತು ಕೇಳಿದರೆ ಅವನು ಉತ್ತರಿಸುತ್ತಿರಲಿಲ್ಲ.

ಬೇಸಿಗೆ ಭತ್ತಕ್ಕೆಂದು ನೀರು ಬಿಟ್ಟಿದ್ದ ಕಾಲ ಅದು. ಹತ್ತು ಮಾರು ದೂರದಲ್ಲಿ ಸಣ್ಣ ನಾಲೆ ಸೊಂಟದ ಮಟ್ಟಕ್ಕೆ ಹರಿಯುತ್ತಿತ್ತು.

"ಎತ್ತಿರಿ. ನಾಲೆಗೆ ಇಳಿಸೋಣ" ಎಂದೆ.

ಉಸ್ತಾದರು ಕೂಗಿಯೇ ಬಿಟ್ಟರು. "ಯಾ ಅಲ್ಲಾ! ಕಾದ ಮೈ ತಣ್ಣೀರಿಗೆ ಹಾಕ್ತಾರೇನ್ರಿ? ಎದೆ ನಿಂತೋಗ್ತೈತೆ. ಜೀಪಿಗೆ ಹಾಕ್ರಿ, ದವಾಖಾನೆಗೆ ಒಯ್ಯೋಣ."

ಅಷ್ಟರಲ್ಲಿ ಹೊಲಗಳಿಂದ ಏಳೆಂಟು ಜನ ಬಂದು ಸೇರಿದ್ದರು. ಅವರೂ ಉಸ್ತಾದರ ಮಾತೇ ಸರಿ ಎಂದರು. ನನಗೆ ಮಾತ್ರ ಒಂದಿನಿತೂ ಸಂಶಯವಿರಲಿಲ್ಲ. ಎರಡು ವರ್ಷದ ಹಿಂದೆ ಬಾಯ್ಲರ್ ಮುಂದೆ ಕೆಲಸ ಮಾಡುವವನೊಬ್ಬನನ್ನು ಇದೇ ಸ್ಥಿತಿಯಲ್ಲಿ ನಮ್ಮಲ್ಲಿಗೆ ತಂದಿದ್ದರು. ಕಂಬಳಿ ಹೊದಿಸಿ, ಎತ್ತಿನ ಗಾಡಿಯಲ್ಲಿ, ಒಂದೂವರೆ ತಾಸು. ನಾವು ಐಸು ತರಿಸಿ ಮೈಯೆಲ್ಲ ಉಜ್ಜಿದೆವು, ಅವನು ಉಳಿಯಲಿಲ್ಲ. ಆ ಸಂಜೆ ಡಾಕ್ಟರು ಕೈ ತೊಳೆಯುತ್ತ, "ಇದು ಜ್ವರ ಅಲ್ಲಮ್ಮ, ಗುಳಿಗೆಗೆ ಇಳಿಯಲ್ಲ. ಬಿದ್ದ ಜಾಗದಲ್ಲೇ ಮೈ ತಣ್ಣಗೆ ಮಾಡಿದ್ದರೆ ಬದುಕುತ್ತಿದ್ದ" ಎಂದಿದ್ದರು.

ನಾನು ಉಸ್ತಾದರಿಗೆ ಹೇಳಿದೆ: "ದವಾಖಾನೆ ಮುಟ್ಟೋದ್ರೊಳಗೆ ಇವನ ತಲೆ ಬೆಂದು ಹೋಗ್ತೈತೆ. ಕೀಲು ತಪ್ಪಿದ್ರೆ ನಿಮ್ಮ ಮಾತು ನಾನು ಕೇಳ್ತೀನಿ. ಇವತ್ತು ನನ್ನ ಮಾತು ನೀವು ಕೇಳ್ರಿ. ಏನಾದ್ರೂ ಆದ್ರೆ ಹೊಣೆ ನಂದು."

ಉಸ್ತಾದರು ತಲೆಯ ಟೋಪಿ ತೆಗೆದು ಡ್ರೈವರನ ಕೈಗೆ ಕೊಟ್ಟರು, ಆ ಉದ್ದನೆ ಆಳನ್ನು ಮಗುವಿನಂತೆ ತೋಳಲ್ಲಿ ಎತ್ತಿಕೊಂಡರು, ಬಟ್ಟೆ ಸಮೇತ ನಾಲೆಗೆ ಇಳಿದರು.

ನಾನೂ ಸೀರೆ ಎತ್ತಿ ಕಟ್ಟಿ ಇಳಿದೆ. ಅವರು ಕುತ್ತಿಗೆಯ ಕೆಳಗೆ ಕೈ ಕೊಟ್ಟು ತಲೆಯನ್ನು ನೀರಿನ ಮೇಲೆ ಹಿಡಿದರು. ನಾನು ತಲೆಗೆ ನೀರು ಹೊಯ್ಯುತ್ತ, ಕೈಕಾಲು ಉಜ್ಜುತ್ತ, ನಾಡಿ ನೋಡುತ್ತಿದ್ದೆ. ದಂಡೆಯ ಮೇಲಿನವರು ತಲೆಗೊಂದು ಹೇಳುತ್ತಿದ್ದರು. ಒಬ್ಬ ಕುಡಿಯಲು ಮಜ್ಜಿಗೆ ತಂದ. ಎಚ್ಚರವಿಲ್ಲದವನ ಬಾಯಿಗೆ ಏನೂ ಹಾಕಬಾರದು ಎಂದು ಗದರಿಸಿ ಹಿಂದಕ್ಕೆ ಕಳಿಸಿದೆ. ಕಾಲು ತಾಸು ಆಗಿರಬಹುದು, ಅವನ ಹಲ್ಲು ಕಟಕಟ ಎಂದಿತು, ಮೈ ನಡುಗಿತು. ಕಣ್ಣು ತೆರೆದು, ನೀರಿನಲ್ಲಿ ತನ್ನನ್ನು ಅಪ್ಪಿಕೊಂಡು ನಿಂತ ಉಸ್ತಾದರನ್ನು ನೋಡಿ, "ಎಷ್ಟನೇವ್ನು ಬಂದೆ ಉಸ್ತಾದ್?" ಎಂದು ಕೇಳಿದ.

ಉಸ್ತಾದರು ಅಳುತ್ತಿದ್ದರು. "ನೀನು ಬಂದ್ಯಲ್ಲೋ ಮಾರಾಯ, ಸಾಕು" ಎಂದರು.

ಮತ್ತೆ ನೋಡಿದಾಗ ಮೈಯ ಕಾವು ನೂರಾ ಎರಡಕ್ಕೆ ಇಳಿದಿತ್ತು. ಆಗ ಜೀಪಿಗೆ ಹಾಕಿಕೊಂಡು ಹೊರಟೆವು. ದಾರಿಯುದ್ದಕ್ಕೂ ಒದ್ದೆ ಬಟ್ಟೆ ತೆಗೆಯಲಿಲ್ಲ. ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಡ್ರಿಪ್ ಹಾಕಿದರು. ಮೊದಲ ದಿನ ಅವನ ಮೂತ್ರ ಕಡು ಚಹಾದ ಬಣ್ಣದ್ದು, ಅದೂ ಸ್ವಲ್ಪವೇ. ಬಿಸಿಲಿಗೆ ಮೂತ್ರಪಿಂಡ ಕೈಕೊಡುವುದುಂಟು, ಹಾಗಾಗಿ ಪ್ರತಿ ಸಲವೂ ಅಳೆದು ಬರೆದಿಟ್ಟೆ. ಮೂರನೆಯ ದಿನಕ್ಕೆ ಬಣ್ಣ ತಿಳಿಯಾಯಿತು. ಅಂದು ಅವನ ತಾಯಿ ತಂದ ಗಂಜಿ ಕುಡಿಯುತ್ತ ಅವನು ನಿಜ ಹೇಳಿದ. ಓಟದ ಹಿಂದಿನ ದಿನವೆಲ್ಲ ಅವನಿಗೆ ಭೇದಿ ಆಗಿತ್ತು.

"ನಾನು ಕೇಳಿದಾಗ ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ಓಡಾಕೆ ಬಿಡ್ತಿದ್ದಿಲ್ಲ ನೀವು."

ಅಂದಿನಿಂದ ನಾನು ಯಾರನ್ನೂ ಆರಾಮಿದ್ದೀರಾ ಎಂದು ಕೇಳುವುದನ್ನು ಬಿಟ್ಟೆ. ಎಷ್ಟು ಸಲ ಹೊರಕಡೆಗೆ ಹೋದಿರಿ, ಏನು ತಿಂದಿರಿ, ಯಾವಾಗ ನೀರು ಕುಡಿದಿರಿ ಎಂದು ಕೇಳಿ, ನಾಲಿಗೆ ತೋರಿಸಲು ಹೇಳುತ್ತೇನೆ. ನಾಲಿಗೆ ಸುಳ್ಳು ಹೇಳಿದರೂ ಒಣಗಿದ್ದು ನೋಡಿದರೆ ಗೊತ್ತಾಗುತ್ತದೆ.

ಮುಂದಿನ ತಿಂಗಳು ಉಸ್ತಾದರು ಗರಡಿಗೆ ಬಂದು ನಾಲ್ಕು ಮಾತು ಹೇಳಿ ಎಂದು ಕರೆದರು. ಗರಡಿಯೊಳಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಅವರೇ ಒಂದು ದಾರಿ ಕಂಡುಕೊಂಡಿದ್ದರು. ಹೊರಗಿನ ಜಗಲಿಯ ಮೇಲೆ ನನಗೊಂದು ಕುರ್ಚಿ ಹಾಕಿ, ಮಣ್ಣು ಮೆತ್ತಿಕೊಂಡ ಪೈಲ್ವಾನರನ್ನೆಲ್ಲ ಹೊರಗೆ ಕರೆದು ನೆಲದ ಮೇಲೆ ಕೂರಿಸಿದರು. ಬಿಸಿಲು ಬಡಿದವನ ಗುರುತು ಹೇಗೆ, ನೀರು ಎಷ್ಟು, ಉಪ್ಪು ಎಷ್ಟು ಎಂದೆಲ್ಲ ನಾನು ಹೇಳಿದೆ. ಗಿರಣಿಯ ಆಳು ಎದ್ದು ನಿಂತು ತಾನು ನಾಲೆಯಲ್ಲಿ ಎದ್ದ ಕತೆಯನ್ನು ನನಗಿಂತ ಚೆನ್ನಾಗಿ ಹೇಳಿದ. ಡಾಕ್ಟರು ಹೇಳಿದಂತೆ ಅವನು ಮಳೆಗಾಲ ಮುಗಿಯುವವರೆಗೆ ಓಡಲಿಲ್ಲ. ಆಮೇಲೆ ಓಡಿದ, ಬಹುಮಾನಗಳನ್ನೂ ತಂದ.

ಎಲ್ಲರೂ ಒಳಗೆ ಹೋದ ಮೇಲೆ ಉಸ್ತಾದರು ಹಿಂದೆ ಉಳಿದರು. ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಎಡಗಾಲಿನ ಚಪ್ಪಲಿ ತೆಗೆದರು. ಹೆಬ್ಬೆರಳಿನ ಕೆಳಗೆ ಒಂದು ಹುಣ್ಣು.

"ಎರಡು ತಿಂಗಳಾತು ಸಿಸ್ಟರ್. ನೋವಿಲ್ಲ. ಗರಡಿ ಮಣ್ಣು ಹಚ್ಚಿದ್ರೆ ಹೋಗ್ತೈತೆ ಅಂದ್ಕಂಡಿದ್ದೆ. ಹುಡುಗ್ರಿಗೆ ಹೇಳ್ಬ್ಯಾಡ್ರಿ."

ನೋವಿಲ್ಲ ಎಂದದ್ದೇ ನನ್ನನ್ನು ಎಚ್ಚರಿಸಿತು. ಮಾರನೆಯ ದಿನ ಬರಹೇಳಿ ಮೂತ್ರ ಪರೀಕ್ಷೆ ಮಾಡಿದೆ. ಮೂತ್ರದ ಹನಿ ಹಾಕಿದ ನೀಲಿ ದ್ರಾವಣ ಕುದಿಯುತ್ತ ಕುದಿಯುತ್ತ ಇಟ್ಟಿಗೆ ಕೆಂಪಾಯಿತು. ಸಕ್ಕರೆ ಕಾಯಿಲೆ, ಅದಕ್ಕೇ ಕಾಲಿಗೆ ನೋವು ತಿಳಿಯುತ್ತಿರಲಿಲ್ಲ. ಅವರಿಗೆ ನಂಬಿಕೆ ಬರಲಿಲ್ಲ, ಎರಡನೆಯ ಸಲ ಕಣ್ಣೆದುರಿಗೇ ಕುದಿಸಿ ತೋರಿಸಿದೆ. ದಿನ ಬಿಟ್ಟು ದಿನ ಬಂದು ಡ್ರೆಸಿಂಗ್ ಮಾಡಿಸಿಕೊಂಡರು, ಗುಳಿಗೆ ತಪ್ಪಿಸಲಿಲ್ಲ. ಎರಡೂವರೆ ತಿಂಗಳಿಗೆ ಹುಣ್ಣು ಮುಚ್ಚಿತು, ಬೆರಳು ಉಳಿಯಿತು. ಬಾದಾಮಿ ಹಾಲಿಗೆ ಸಕ್ಕರೆ ಹಾಕುವುದನ್ನು ಬಿಡಬೇಕಾಗಿ ಬಂದದ್ದೊಂದೇ ಅವರಿಗೆ ಸಂಕಟ. ಮುಖ ಹಿಂಡಿಕೊಂಡು ಅದನ್ನು ಶಿಷ್ಯರ ಮುಂದೆಯೇ ಕುಡಿಯುತ್ತಿದ್ದರು. ಯಾಕೆಂದು ಕೇಳಿದವರಿಗೆ ಕಾಯಿಲೆಯ ಹೆಸರನ್ನು ತಾವೇ ಹೇಳುತ್ತಿದ್ದರು.