ಒಪ್ಪಿಗೆ ಪತ್ರ ಓದಿದ ಮಧ್ಯಾಹ್ನ

ಹೊಸ ಔಷಧಿ ಎಂದರೆ ಬಿಳಿ ಕೋಟಿನವರು, ಗಾಜಿನ ನಳಿಕೆಗಳು, ಯಂತ್ರಗಳು ಎಂದೇ ನಾನು ತಿಳಿದಿದ್ದೆ. ದುಬೈಯ ಸಿಲಿಕಾನ್ ಓಯಸಿಸ್‌ನ ಭಾಷಾಂತರ ಕಚೇರಿಯಲ್ಲಿ ನನಗೊಂದು ಕೆಲಸ ಬಂತು: ಕ್ಷಯದ ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರುವ ರೋಗಿಗಳ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುವುದು. ಮುಗಿಸಿದಾಗ ವಾಕ್ಯಗಳು ಚೆನ್ನಾಗಿ ಬಂದವೆಂದು ಸ್ವಲ್ಪ ಜಂಬವೂ ಬಂತು ಅನ್ನಿ.

ಇಂಥ ಪತ್ರವನ್ನು ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಬೇಕು, ಅವರಿಗೆ ಅರ್ಥವಾದರೆ ಮಾತ್ರ ಪಾಸು. ಹಾಗಾಗಿ ಶನಿವಾರ ಮಧ್ಯಾಹ್ನ, ದೇರಾದ ನಮ್ಮ ಫ್ಲ್ಯಾಟಿನ ಕೆಳಗೆ ಗ್ರೋಸರಿ ಇಟ್ಟಿರುವ ಬ್ಯಾರಿ ಕಾಕನನ್ನು ಹಿಡಿದೆ. ನಮ್ಮ ಊರಿನ ಕಡೆಯವರೇ; ಬ್ಯಾರಿಯಲ್ಲಿ ಕಾಕ ಎಂದರೆ ಅಣ್ಣ, ಅವರಿಗೆ ನಾನು ಬಾಯಮ್ಮ. ಮನೆಗೆ ಯಾವ ಟೈಲ್ಸ್ ಎಂಬುದರಿಂದ ತಂಗಿಯರ ಮದುವೆಯವರೆಗೆ ಊರಿನ ಅವರ ಮನೆಯಲ್ಲಿ ಈ ದುಬೈ ಅಣ್ಣನ ಮಾತೇ ಕೊನೆಯ ಮಾತು. ಕ್ಷಯದ ಬಗ್ಗೆ ಇವರಿಗೇನು ಗೊತ್ತಿರುತ್ತದೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಅರ್ಧ ಓದುವಷ್ಟರಲ್ಲಿ ಅವರ ಮುಖ ಸಪ್ಪೆಯಾಯಿತು.

"ಬಾಯಮ್ಮ, ಊರಲ್ಲಿ ನನ್ನ ತಮ್ಮನಿಗೆ ಇದೇ ಸೀಕು. ಹಳೆ ಮಾತ್ರೆ ಯಾವುದೂ ತಾಗುವುದಿಲ್ಲ ಅಂತೆ. ಇಂಥದ್ದೇ ಒಂದು ಹೊಸ ಮಾತ್ರೆಗೆ ಸೇರ್ತೀರಾ ಅಂತ ಡಾಕ್ಟ್ರು ಕೇಳಿದ್ದಾರೆ. ಮನೆಯವರೆಲ್ಲ ನನ್ನ ಬಾಯಿ ನೋಡ್ತಾ ಇದ್ದಾರೆ. ನಾನು ಎಂತ ಹೇಳುವುದು ಮಾರಾಯ್ರೆ?"

ನನ್ನ ಜಂಬ ಅಲ್ಲೇ ಇಳಿಯಿತು. ಪತ್ರವನ್ನೇ ಮುಂದೆ ಓದಿದೆ: "ಈ ಮಾತ್ರೆಯಿಂದ ನಿಮಗೇ ಗುಣವಾಗುತ್ತದೆ ಎಂದು ಹೇಳಲಾಗದು. ಮುಂದೆ ಈ ಕಾಯಿಲೆ ಬರುವವರಿಗೆ ಉಪಯೋಗವಾಗಬಹುದು. ನಿರ್ಧಾರ ನಿಮ್ಮದು ಮಾತ್ರ. ಬೇರೆ ಯಾರೂ ನಿಮ್ಮನ್ನು ಒತ್ತಾಯಿಸುವಂತಿಲ್ಲ."

"ಹಾಗಾದ್ರೆ ನಾನು ಹೇಳುವ ಹಾಗಿಲ್ಲ?"

"ಇಲ್ಲ ಕಾಕ. ನಿಮ್ಮ ತಮ್ಮನೇ ಹೇಳಬೇಕು."

ಕಾಕ ತಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಮೊದಲು ಕೇಳಿಸಿದ್ದು ಕೆಮ್ಮು. ನಾನು ಓದಿದ್ದನ್ನೆಲ್ಲ ಅವರು ಬ್ಯಾರಿಯಲ್ಲಿ ನಿಧಾನವಾಗಿ ಹೇಳಿದರು. ಅದು ನನಗೂ ಅರ್ಥವಾಗುತ್ತದೆ. ಕೊನೆಗೆ, "ನಾನು ಏನೂ ಹೇಳುವುದಿಲ್ಲ. ನೀನೇ ಹೇಳು," ಎಂದರು.

ಆ ಕಡೆಯಿಂದ ತಮ್ಮನ ದನಿ ಬಂತು.

"ಕಾಕ, ಬಯ್ಯಬೇಡ. ನಿನ್ನೆಯೇ ಸೈನ್ ಹಾಕಿ ಬಂದೆ. ನನಗೆ ಗುಣ ಆದ್ರೆ ಅಲ್ಹಮ್ದುಲಿಲ್ಲಾಹ್. ಆಗದಿದ್ರೂ, ಆಸ್ಪತ್ರೆಯಲ್ಲಿ ಇದೇ ಸೀಕಿನ, ನನಗಿಂತ ಚಿಕ್ಕವರು ತುಂಬ ಜನ ಇದ್ದಾರೆ. ಯಾರಾದ್ರೂ ಒಬ್ಬ ಮೊದಲು ನುಂಗಬೇಕಲ್ಲ?"

ಇಷ್ಟು ವರ್ಷ ಜ್ವರಕ್ಕೆ, ತಲೆನೋವಿಗೆ ಎಷ್ಟು ಮಾತ್ರೆ ನುಂಗಿದ್ದೇನೋ. ಪ್ರತಿಯೊಂದನ್ನೂ ಏನಾಗುತ್ತದೆಂದು ತಿಳಿಯದೆಯೇ ಯಾರೋ ಮೊದಲು ನುಂಗಿದ್ದರು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾನು ಮುಖ ನೋಡದ ಕಾಕನ ತಮ್ಮನಿಗೆ ಅಲ್ಲಿಂದಲೇ ಕೈಮುಗಿಯಬೇಕು ಅನ್ನಿಸಿತು.

ಫೋನ್ ಇಟ್ಟ ಮೇಲೆ ಕಾಕ ಅಕ್ಕಿ ಚೀಲದ ಮೇಲೆ ಕುಳಿತರು. ಬೈಯುತ್ತಾರೇನೋ ಎಂದುಕೊಂಡೆ. ಅವರು ಕಣ್ಣೊರೆಸಿಕೊಂಡರು.

"ನನ್ನನ್ನು ಕೇಳದೆ ಅವನು ಮಾಡಿದ ಮೊದಲನೇ ಕೆಲಸ ಇದು, ಬಾಯಮ್ಮ," ಎಂದರು. "ಕೇಳಿದ್ದಿದ್ರೆ ನಾನು ಬೇಡ ಅಂತಿದ್ದೆ."